ಹೊಟ್ಟೆ ಸೀಳದ ದ

ಅಮ್ಮತ್ತಿಯ ಚರ್ಚಿನ ಹಿಂದೆ
ಸಿಲ್ವರ್ ಮರಗಳ ಸಾಲು ಮುಗಿಯುವಲ್ಲಿ
ಸಲೋಮಿ ಟೀಚರ್ ಮಲಗಿದ್ದಾರೆ.
ಕಲ್ಲಿನ ಮೇಲೆ ಹೆಸರು, ಎರಡು ಇಸವಿ,
ಅದರ ಕೆಳಗೆ, ಆಳವಾಗಿ, ಅಳಿಸಲು ಬಾರದಂತೆ:
ಉಪಾದ್ಯಾಯಿನಿ.

ಹೌದು, ದ. ಹೊಟ್ಟೆ ಸೀಳದ ದ.

ಮೂವತ್ತೊಂದು ವರ್ಷ ಇದೊಂದಕ್ಕೇ ಹೆಣಗಿದವರು.
ಮುಲ್ಕಿಯಿಂದ ಟ್ರಂಕು, ಕೊಡೆ, ಒಣಮೀನಿನ ಪೊಟ್ಟಣದೊಂದಿಗೆ
ಬಸ್ಸಿಳಿದಾಗ ನಮ್ಮ ಒಂದೇ ತರಗತಿಯಲ್ಲಿ ಐದು ಭಾಷೆ.
ಕೊಡವ ತಕ್ಕಿನ ನಾನು, ಬ್ಯಾರಿಗಳ ಹಂಝ,
ಲೈನ್ ಮನೆಯ ಮುನಿಯಾಂಡಿ, ಹಾಡಿಯಿಂದ ಬರುವ ಚುಬ್ಬಿ,
ಕಲ್ಲು ಒಡೆಯುವವನ ಮಗ ಅಣ್ಣಿ.
ನಮಗೆಲ್ಲ ಧನವೂ ಹುಲ್ಲು ಮೇಯುತ್ತಿತ್ತು.

ಟೀಚರ್ ಒಂದು ಕೋಳಿಗರಿ ತಂದರು.
ತುಟಿಯ ಮುಂದೆ ಹಿಡಿದು, ಹೇಳು ಎಂದರು.
ದ: ಗರಿ ಸುಮ್ಮನಿರಬೇಕು.
ಧ: ಗರಿ ನಡುಗಬೇಕು.
‘ಎದೆಯಿಂದ ತೆಗಿ ಮಾರಾಯ, ಉಸಿರು ಯಾರಪ್ಪನ ಗಂಟು?’
ಮಳೆಗಾಲವಿಡೀ ಹಂಚಿನ ಕೆಳಗೆ
ನಾವು ಗರಿ ಊದುತ್ತ ಕೂತೆವು.
ಹಂಝನದು ಹಾರಿತು, ಚುಬ್ಬಿಯದು ಹಾರಿತು,
ನನ್ನದು ಆಟಿ ತಿಂಗಳಲ್ಲಿ ಸ್ವಲ್ಪ ಮಿಸುಕಿತು.
ಅಣ್ಣಿ ಮಾತ್ರ ಕೈಯನ್ನೇ ಅಲುಗಿಸಿ ತೋರಿಸಿದ.
ಅವತ್ತು ಟೀಚರ್ ನಕ್ಕದ್ದು
ಪಕ್ಕದ ತರಗತಿಗೂ ಕೇಳಿಸಿತು.

ಉಳಿದ ಮೇಷ್ಟ್ರುಗಳೂ ಇಲ್ಲೇ ಸುತ್ತಮುತ್ತ.
ಡ್ರಿಲ್‌ನ ಚೆಂಗಪ್ಪನವರು ಅವರ ಒಕ್ಕದ ತೂಟಂಗಳದಲ್ಲಿ;
ಎರಡು ಗುಂಡು ಹಾರಿದಾಗ ನಾವೆಲ್ಲ
ಅಭ್ಯಾಸಬಲದಿಂದ ನೆಟ್ಟಗೆ ನಿಂತಿದ್ದೆವು.
ಲೆಕ್ಕದ ಕುಂಞಾಲಿ ಮಾಸ್ಟರಿಗೆ ಮಸೀದಿಯ ಮಗ್ಗುಲಲ್ಲಿ
ಹೆಸರಿಲ್ಲದ ಎರಡು ಮೀಸಾನ್ ಕಲ್ಲು, ಬಾಕಿ ಸೊನ್ನೆ.
ಸಂಸ್ಕೃತದ ನೂರಿತ್ತಾಯರ ಬೂದಿ ಕಾವೇರಿಯಲ್ಲಿ ಕದಡಿ
ಈಗ ಯಾರ ಗದ್ದೆಯಲ್ಲಿ ಭತ್ತವೋ.
ಬರೆಸಿಕೊಳ್ಳುವ ತೊಂದರೆ ಅವರಿಗಿರಲಿಲ್ಲ.
ತಪ್ಪಾಗುವ ಭಾಗ್ಯವೂ.

ಟೀಚರನ್ನು ಜೀಪಿನಲ್ಲಿ ಕರೆದೊಯ್ಯುವಾಗ
ಯಾರೋ ಮೂಗಿನ ಮುಂದೆ ಹತ್ತಿಯೆಳೆ ಹಿಡಿದರು.
ನಾನು ಎದುರು ಸೀಟಿನಲ್ಲಿದ್ದೆ.
ಅಲ್ಪವೂ ಇಲ್ಲ,
ಮಹವೂ ಇಲ್ಲ.

ಕಲ್ಲು ಕೆತ್ತಿದವನು ಅಣ್ಣಿ.
ಕಾಸು ಮುಟ್ಟಲಿಲ್ಲ. ಎರಡು ರಾತ್ರಿ ಪೆಟ್ರೋಮ್ಯಾಕ್ಸ್ ಹಚ್ಚಿ ಕೂತ.
ಬೆಳಿಗ್ಗೆ ಪಾದ್ರಿಗಳು ಓದಿದರು, ಕೆಮ್ಮಿದರು,
ಕಡೆಗೆ ನನ್ನನ್ನು ಮುಂದೆ ತಳ್ಳಿದರು.
‘ಒಂದು ಏಟು ಅಣ್ಣಿ, ಒಂದೇ ಒಂದು ಸೀಳು’ ಎಂದೆ.
ಉಳಿಯ ಬಾಯನ್ನು ಹೆಬ್ಬೆರಳಲ್ಲಿ ಸವರುತ್ತ ಅವನು:
‘ಗೊತ್ತುಂಟು. ಬಡಿದ ಮೇಲೆ ಗೊತ್ತಾಯ್ತು.
ಆದ್ರೆ ನನ್ನ ಕಾಪಿ ಪುಸ್ತಕಕ್ಕೆ
ನೀನು ಯಾರು ಕೆಂಪು ಗೆರೆ ಎಳೆಯೋಕೆ?
ಅವರು ತಿದ್ದಲಿ.’

ಅಂಚೆ ಕಚೇರಿಯಲ್ಲಿ ಮೂರು ದಶಕ
ಊರವರ ವಿಳಾಸ ತಿದ್ದಿದ ಕೈ ನನ್ನದು, ಸುಮ್ಮನಿರದು.
ಪ್ರತಿ ಜೂನ್, ಶಾಲೆ ತೆರೆಯುವ ಹಿಂದಿನ ಭಾನುವಾರ
ಜೇಬಲ್ಲಿ ಸೀಮೆಸುಣ್ಣ ಹಾಕಿಕೊಂಡು ಗುಡ್ಡ ಹತ್ತುತ್ತೇನೆ.
ದಕಾರದ ಹೊಟ್ಟೆಗೆ ಬಿಳಿಯ ಸೀಳೊಂದನ್ನು ಕೊಟ್ಟು
ಕೈ ಕೊಡವಿ ಇಳಿಯುತ್ತೇನೆ.
ಕಾಫಿ ತೋಟ ದಾಟುವುದರೊಳಗೆ ಮಳೆ ಅದನ್ನು ಅಳಿಸುತ್ತದೆ.
ಅಣ್ಣಿ ಈಗಿಲ್ಲ. ಅವನಿಗೆ ಹೇಳಿಲ್ಲ ಎಂಬ ಸಣ್ಣ ಕಳ್ಳತನ
ಹಾಗೇ ಉಳಿದಿದೆ.

ಈ ವರ್ಷ ಹೋದರೆ
ನನಗಿಂತ ಮೊದಲೇ ಯಾರೋ ಬಂದು ಹೋಗಿದ್ದಾರೆ.
ನೀಲಿ ಸೀಮೆಸುಣ್ಣ, ಗಿಡ್ಡ ಕೈ,
ಕಲ್ಲಿನ ಬುಡದಲ್ಲಿ ಪುಟ್ಟ ಚಪ್ಪಲಿಯ ಕೆಸರು.
ಸೀಳು ಇದೆ, ಗಟ್ಟಿಯಾಗಿ, ಎರಡು ಸಲ ಒತ್ತಿ ಎಳೆದದ್ದು.
ಪಕಾರದ ಕೆಳಗೆ.

ಉಫಾದ್ಯಾಯಿನಿ.

ಜೋರಾಗಿ ಓದಿದೆ.
ನನ್ನ ಉಸಿರಿಗೆ
ಕಲ್ಲಿಗಂಟಿದ್ದ ಸಿಲ್ವರ್ ಎಲೆಯೊಂದು ಅಲುಗಿತು.
ಒರೆಸಲೆಂದು ಎಂಜಲು ಹಚ್ಚಿದ ಬೆರಳನ್ನು
ಪಂಚೆಗೆ ಒರೆಸಿಕೊಂಡೆ.
ನಾಳೆ ಸೋಮವಾರ, ಟೀಚರ್.
ಗಂಟೆ ಹೊಡೆಯುತ್ತಾರೆ.